ಐದು ಸಲ ಫೀ ಕಟ್ಟಿದೆ, ಅಸಲು ಹಾಗೇ ಇದೆ: ಪೇಡೇ ಲೋನ್ ಬಿಟ್ಟು ಬೇರೆ ದಾರಿ ಇದೆಯಾ?

ಪ್ರಶ್ನೆ: ಮೇಡಂ, ನಾವು ಟೆಕ್ಸಸ್‌ನಲ್ಲಿ, ಡಲ್ಲಾಸ್‌ನಿಂದ ಅರ್ಧ ಗಂಟೆ ದೂರದ ಊರಲ್ಲಿ ಇದ್ದೇವೆ. ನಾನು ಒಂದು ದೊಡ್ಡ ಗೋಡೌನ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುತ್ತೇನೆ. ಎರಡು ವಾರಕ್ಕೊಮ್ಮೆ ಸಂಬಳ, ಕೈಗೆ ಬರುವುದು ಸುಮಾರು 1,250 ಡಾಲರ್. ಹೆಂಡತಿ ಡೇ ಕೇರ್‌ನಲ್ಲಿ ಅರ್ಧ ದಿನ ಕೆಲಸ ಮಾಡುತ್ತಾಳೆ. ಮೂರು ತಿಂಗಳ ಹಿಂದೆ ಕಾರು ಕೆಟ್ಟಿತು. ಕಾರಿಲ್ಲದೆ ಕೆಲಸಕ್ಕೆ ಹೋಗಲು ಆಗುವುದಿಲ್ಲ. ಅಂಗಡಿಗೆ ಹೋಗಿ 500 ಡಾಲರ್ ಪೇಡೇ ಲೋನ್, ಅಂದರೆ ಮುಂದಿನ ಸಂಬಳದ ದಿನ ಪೂರ್ತಿ ತೀರಿಸಬೇಕಾದ ಸಾಲ, ತೆಗೆದೆ. ಎರಡು ವಾರಕ್ಕೆ 120 ಡಾಲರ್ ಫೀ. ಪೂರ್ತಿ ತೀರಿಸಲು ಆಗದೆ ಐದು ಸಲ ಫೀ ಮಾತ್ರ ಕಟ್ಟಿ ಮುಂದೂಡಿದ್ದೇನೆ. ಈಗ ಹೆಂಡತಿ ಎಮರ್ಜೆನ್ಸಿಗೆ ಹೋಗಿ ಬಂದು 1,100 ಡಾಲರ್ ಆಸ್ಪತ್ರೆ ಬಿಲ್ ಬಂದಿದೆ. ಕಾರಿನ ಟೈಟಲ್ (ಮಾಲೀಕತ್ವದ ಕಾಗದ) ಇಟ್ಟು ಸಾಲ ತಗೋ ಅಂತ ಜೊತೆಯಲ್ಲಿ ಕೆಲಸ ಮಾಡುವವನು ಹೇಳುತ್ತಾನೆ. ನನಗೆ ಇಲ್ಲಿ ಕ್ರೆಡಿಟ್ ಸ್ಕೋರ್ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ತಿಂಗಳಿಗೆ 200 ಡಾಲರ್ ಊರಿಗೆ ಕಳಿಸುತ್ತೇವೆ, ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಕಡಿಮೆ ಬಡ್ಡಿಗೆ ಸಾಲ ಎಲ್ಲಿ ಸಿಗುತ್ತದೆ? ಇನ್ನೊಂದು, ಕಟ್ಟದಿದ್ದರೆ ಜೈಲಿಗೆ ಹಾಕಿಸುತ್ತೇವೆ ಅಂತ ಫೋನ್ ಬಂತು. ಅದು ನಿಜಾನಾ?

ಉತ್ತರ: ಕೊನೆಯದನ್ನೇ ಮೊದಲು ಹೇಳುತ್ತೇನೆ. ಆ ಫೋನ್ ಬಂದ ಮೇಲೆ ನೀವು ನೆಟ್ಟಗೆ ನಿದ್ದೆ ಮಾಡಿರಲಿಕ್ಕಿಲ್ಲ.

ಜೈಲಿಗೆ ಹಾಕಿಸಲು ಆಗುವುದಿಲ್ಲ. ಸಾಲಕ್ಕಾಗಿ ಯಾರನ್ನೂ ಸೆರೆಗೆ ಹಾಕುವಂತಿಲ್ಲ ಎಂದು ಟೆಕ್ಸಸ್‌ನ ಸಂವಿಧಾನದಲ್ಲೇ ಬರೆದಿದೆ. ಮೋಸ, ಸುಳ್ಳು ಸಹಿ, ಕಳ್ಳತನ ಇದ್ದರೆ ಮಾತು ಬೇರೆ. ದುಡ್ಡಿಲ್ಲದೆ ಕಟ್ಟಲು ಆಗದಿರುವುದು ಅಪರಾಧ ಅಲ್ಲ. ಅಷ್ಟೇ ಅಲ್ಲ, ಈ ಬಗೆಯ ಸಾಲಕ್ಕೆ ನಿಮ್ಮ ಸಂಬಳವನ್ನು ಕಂಪನಿಯಲ್ಲೇ ಹಿಡಿಸಿಕೊಳ್ಳಲೂ ಆ ರಾಜ್ಯದಲ್ಲಿ ಬಿಡುವುದಿಲ್ಲ. ಮಕ್ಕಳ ಜೀವನಾಂಶ, ತೆರಿಗೆ, ಸರ್ಕಾರಿ ವಿದ್ಯಾರ್ಥಿ ಸಾಲ ಇಂಥವಕ್ಕೆ ಹಿಡಿಯಬಹುದು, ಪೇಡೇ ಲೋನ್‌ಗೆ ಹಿಡಿಯುವಂತಿಲ್ಲ. ಹಾಗಂತ ಸುಮ್ನೆ ಕೈಕಟ್ಟಿ ಕೂರಬೇಡಿ. ಅವರು ಸಿವಿಲ್ ಕೇಸ್ ಹಾಕಬಹುದು. ಅದರಲ್ಲಿ ಗೆದ್ದರೆ ಬ್ಯಾಂಕ್ ಖಾತೆಯಲ್ಲಿರುವ ಹಣಕ್ಕೆ ಕೈ ಹಾಕಬಹುದು. ಆದ್ದರಿಂದ ಕೋರ್ಟಿನಿಂದ ಕಾಗದ ಬಂದರೆ ಉತ್ತರ ಕೊಡಲೇಬೇಕು. ಫೋನಿನ ಬೆದರಿಕೆಯ ತಾರೀಕು, ಸಮಯ, ಆ ಕಡೆಯವರು ಆಡಿದ ಮಾತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಈ ಅಂಗಡಿಗಳಿಗೆ ಲೈಸೆನ್ಸ್ ಕೊಡುವುದು ರಾಜ್ಯದ ಆಫೀಸ್ ಆಫ್ ಕನ್ಸ್ಯೂಮರ್ ಕ್ರೆಡಿಟ್ ಕಮಿಷನರ್. ದೂರನ್ನು ಅಲ್ಲಿಗೇ ಕೊಡಿ.

ಈಗ ಸಾಲದ ವಿಷಯ.

ನೀವು ಐದು ಸಲ 120 ಕಟ್ಟಿದ್ದೀರಿ, ಅಂದರೆ 600 ಡಾಲರ್. ತೆಗೆದದ್ದು 500. ಇವತ್ತಿಗೂ ಇರುವ ಬಾಕಿ 500. ಎರಡು ವಾರಕ್ಕೆ ನೂರಕ್ಕೆ 24 ಆಯಿತು, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 624. ನಮ್ಮ ಕಡೆ ಇದಕ್ಕೆ ಮೀಟರ್ ಬಡ್ಡಿ ಅನ್ನುತ್ತಾರೆ. ಇಲ್ಲಿ ಅದೇ ವ್ಯಾಪಾರ ಗಾಜಿನ ಬಾಗಿಲು, ಎಸಿ, ನಗುಮುಖದ ಹುಡುಗಿ ಇರುವ ಅಂಗಡಿಯಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ನಿಮ್ಮ ಕಾಗದ ತೆಗೆದು ನೋಡಿ. ಅದರಲ್ಲಿ ಬಡ್ಡಿ ಶೇ. 10 ಅಥವಾ ಅದಕ್ಕೂ ಕಡಿಮೆ ಅಂತ ಇರಬಹುದು. ಅದು ಸುಳ್ಳೇನಲ್ಲ, ಟೆಕ್ಸಸ್‌ನ ಒಂದು ಕಣ್ಕಟ್ಟು. ಅಂಗಡಿಯವರು ಸಾಲ ಕೊಡುವವರಲ್ಲ, 'ಸಾಲ ಕೊಡಿಸುವವರು' ಅಂತ ಲೈಸೆನ್ಸ್ ತೆಗೆದುಕೊಂಡಿರುತ್ತಾರೆ. ದುಡ್ಡು ಕೊಡುವುದು ಇನ್ಯಾರೋ. ಅವರ ಬಡ್ಡಿ ಕಾನೂನಿನ ಮಿತಿಯೊಳಗೇ ಇರುತ್ತದೆ. ಕೊಡಿಸಿದ್ದಕ್ಕೆ ಅಂಗಡಿಯವರು ಹಾಕುವ ಫೀಗೆ ಮಾತ್ರ ರಾಜ್ಯ ಯಾವ ಮಿತಿಯನ್ನೂ ಹಾಕಿಲ್ಲ. ಹಾಗಾಗಿ ಬಡ್ಡಿ ಅಂತ ಬರೆದ ಜಾಗವನ್ನು ಬಿಟ್ಟು ಎಪಿಆರ್, ಅಂದರೆ ವರ್ಷದ ಒಟ್ಟು ದರ, ಅನ್ನುವ ಚೌಕವನ್ನು ಹುಡುಕಿ. ಫೀಯನ್ನೂ ಸೇರಿಸಿ ಅದನ್ನು ತೋರಿಸಲೇಬೇಕು ಎಂದು 1968ರಿಂದ ಇಡೀ ದೇಶಕ್ಕೆ ಕಾನೂನಿದೆ. ಸೈನಿಕರಿಗೂ ಅವರ ಕುಟುಂಬಕ್ಕೂ ಶೇ. 36ಕ್ಕಿಂತ ಜಾಸ್ತಿಗೆ ಇಂಥ ಸಾಲ ಕೊಡಬಾರದು ಎಂದು 2006ರಲ್ಲೇ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಇಲಿನಾಯ್ ರಾಜ್ಯ 2021ರಲ್ಲಿ ಎಲ್ಲರಿಗೂ ಅದೇ ಮಿತಿ ತಂದಿತು. ಸೈನಿಕನಿಗೆ ಕೊಡಬಾರದ ಸಾಲವನ್ನು ಗೋಡೌನ್ ಕೆಲಸದವನಿಗೆ ಕೊಡಬಹುದು ಅನ್ನುವುದರ ಹಿಂದಿನ ನ್ಯಾಯ ನನಗಂತೂ ಇವತ್ತಿನವರೆಗೂ ತಿಳಿದಿಲ್ಲ.

ಆದರೆ ನೀವು 'ಕಡಿಮೆ ಬಡ್ಡಿಗೆ ಸಾಲ ಎಲ್ಲಿ' ಅಂತ ಕೇಳಿದ್ದೀರಲ್ಲ, ಅಲ್ಲೇ ಸ್ವಲ್ಪ ತಿದ್ದಬೇಕು. ನಿಮ್ಮನ್ನು ಸಿಕ್ಕಿಸಿರುವುದು ಬಡ್ಡಿ ಒಂದೇ ಅಲ್ಲ. 500 ಡಾಲರ್‌ಗೆ 120 ಒಂದೇ ಸಲ ಕಟ್ಟಿ ಮುಗಿಯುವುದಾಗಿದ್ದರೆ ಹೊಟ್ಟೆ ಉರಿಯುತ್ತಿತ್ತು, ಆದರೆ ಮುಗಿಯುತ್ತಿತ್ತು. ತೊಂದರೆ ಇರುವುದು ಗಡುವಿನಲ್ಲಿ. ಇವತ್ತು 500 ಇಲ್ಲದವರ ಹತ್ತಿರ ಎರಡು ವಾರದಲ್ಲಿ 620 ಎಲ್ಲಿಂದ ಬರಬೇಕು? 1,250ರಲ್ಲಿ 620 ಕೊಟ್ಟರೆ ಬಾಡಿಗೆಗೆ ಏನು ಉಳಿಯಿತು? ಪೂರ್ತಿ ಅಸಲು ಒಂದೇ ಗುಕ್ಕಿಗೆ ಕೇಳುವುದರಿಂದಲೇ ನೀವು ಫೀ ಮಾತ್ರ ಕಟ್ಟುತ್ತೀರಿ. ಫೀ ಕಟ್ಟಿದರೆ ಅಸಲು ಒಂದು ಪೈಸೆಯೂ ಇಳಿಯುವುದಿಲ್ಲ. ಇದು ನಿಮ್ಮ ಒಬ್ಬರ ಕಥೆ ಅಲ್ಲ. ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಸಿಎಫ್‌ಪಿಬಿ 2014ರಲ್ಲಿ ಲೆಕ್ಕ ತೆಗೆದಾಗ ಇಂಥ ಸಾಲಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು, ತೀರಿದ 14 ದಿನದೊಳಗೆ ಮತ್ತೆ ತೆಗೆದವು ಅಥವಾ ಮುಂದೂಡಿದವು. ಪ್ಯೂ ಅನ್ನುವ ಸಂಶೋಧನಾ ಸಂಸ್ಥೆಯ 2012ರ ವರದಿಯಲ್ಲೂ ಇದೇ ಚಿತ್ರ: ಸರಾಸರಿ ಸಾಲಗಾರ ವರ್ಷದಲ್ಲಿ ಐದು ತಿಂಗಳು ಈ ಸಾಲದಲ್ಲೇ ಇರುತ್ತಾನೆ, 375 ಡಾಲರ್ ಸಾಲಕ್ಕೆ 520 ಡಾಲರ್ ಫೀ ಕಟ್ಟುತ್ತಾನೆ. ಅವರಲ್ಲಿ ಹೆಚ್ಚಿನವರು ಮೊದಲ ಸಲ ತೆಗೆದದ್ದು ಅನಿರೀಕ್ಷಿತ ಖರ್ಚಿಗೂ ಅಲ್ಲ, ಬಾಡಿಗೆ, ಕರೆಂಟು, ದಿನಸಿಗೆ.

ಆದ್ದರಿಂದ ಯಾವ ಸಾಲ ನೋಡಿದರೂ ಎರಡು ಮಾತು ಕೇಳಿ. ಎಲ್ಲ ಸೇರಿ ಎಷ್ಟು ಡಾಲರ್ ಜಾಸ್ತಿ ಕೊಡಬೇಕು? ಪ್ರತಿ ಸಲ ಕಟ್ಟಿದಾಗಲೂ ಅಸಲು ಇಳಿಯುತ್ತದಾ? ಎರಡನೆಯದಕ್ಕೆ 'ಇಲ್ಲ' ಅಂದರೆ ಎದ್ದು ಬನ್ನಿ.

ಇದನ್ನು ಡಲ್ಲಾಸ್ ನಗರಸಭೆಯವರೂ ಅರ್ಥಮಾಡಿಕೊಂಡಿದ್ದರು. 2011ರಲ್ಲಿ ಅಲ್ಲಿ ಒಂದು ನಿಯಮ ಬಂತು: ಮೂರು ಸಲಕ್ಕಿಂತ ಜಾಸ್ತಿ ಮುಂದೂಡುವಂತಿಲ್ಲ, ಪ್ರತಿ ಸಲವೂ ಅಸಲಿನ ಕಾಲು ಭಾಗವಾದರೂ ಇಳಿಯಬೇಕು. ಆಮೇಲೆ ಟೆಕ್ಸಸ್‌ನ 40ಕ್ಕೂ ಹೆಚ್ಚು ಊರುಗಳು ಅದೇ ಮಾದರಿ ತಂದವು. ನೀವು ಸಾಲ ತೆಗೆದ ಅಂಗಡಿ ಯಾವ ಊರಿನ ಹದ್ದಿನಲ್ಲಿದೆ ಅಂತ ನೋಡಿ. ಅಂಥ ನಿಯಮ ಇರುವ ಊರಾಗಿದ್ದರೆ ನಿಮ್ಮ ಕೈಲಿ ಐದು ಸಲ ಫೀ ಮಾತ್ರ ಕಟ್ಟಿಸಿಕೊಂಡದ್ದೇ ತಪ್ಪು. ಊರಿನ ಸಿಟಿ ಹಾಲ್‌ಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಫೀ ಕಟ್ಟಿದ ರಸೀದಿಗಳು ಇವೆ ತಾನೆ? ಎಸೆಯಬೇಡಿ.

ಈಗ ಆಸ್ಪತ್ರೆ ಬಿಲ್ಲಿಗೆ ಬರೋಣ. ಅದಕ್ಕೆ ಸಾಲವನ್ನೇ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ಬಿಲ್ ಬಂತು ಅಂದ ತಕ್ಷಣ ಎಲ್ಲಿಂದಲಾದರೂ ತಂದು ಕಟ್ಟಿಬಿಡುತ್ತಾರೆ. ಇಲ್ಲಿಯ ಆಸ್ಪತ್ರೆ ಬಿಲ್ ಅಂತಿಮ ಲೆಕ್ಕ ಅಲ್ಲ, ಅದು ಮಾತುಕತೆಯ ಮೊದಲ ಮಾತು. ಲಾಭಕ್ಕಲ್ಲದ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಪಡೆಯುತ್ತವೆ. ಅದಕ್ಕೆ ಬದಲಾಗಿ, ಕಡಿಮೆ ಆದಾಯದವರಿಗೆ ಬಿಲ್ ಇಳಿಸುವ ಅಥವಾ ಮನ್ನಾ ಮಾಡುವ ಲಿಖಿತ ನಿಯಮವನ್ನು ಅವು ಇಟ್ಟಿರಲೇಬೇಕು. 2010ರ ಆರೋಗ್ಯ ಕಾನೂನಿನಿಂದ ಬಂದ ಷರತ್ತು ಇದು. ಮೊದಲ ಬಿಲ್ ಬಂದ ದಿನದಿಂದ 240 ದಿನಗಳವರೆಗೆ ಅರ್ಜಿ ಹಾಕಬಹುದು. ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ 'ಫೈನಾನ್ಶಿಯಲ್ ಅಸಿಸ್ಟೆನ್ಸ್ ಅರ್ಜಿ ಕಳಿಸಿ' ಅನ್ನಿ. ಜೊತೆಗೆ ಬಿಡಿಬಿಡಿಯಾಗಿ ಲೆಕ್ಕ ಬರೆದ ಬಿಲ್ಲನ್ನೂ ಕೇಳಿ. ಎಷ್ಟು ಇಳಿಸುತ್ತಾರೆ ಅನ್ನುವುದು ನಿಮ್ಮ ಮನೆಯ ಆದಾಯ ಮತ್ತು ಆಸ್ಪತ್ರೆಯ ನಿಯಮದ ಮೇಲೆ. ಇಳಿಸದಿದ್ದರೂ, ಲಾಭದ ಆಸ್ಪತ್ರೆಯಾದರೂ, ತಿಂಗಳಿಗೆ ಇಷ್ಟು ಅಂತ ಕಂತು ಮಾಡಿಕೊಡುತ್ತಾರಾ ಕೇಳಿ. ಬಹಳ ಕಡೆ ಬಡ್ಡಿ ಇಲ್ಲದೆ ಮಾಡಿಕೊಡುತ್ತಾರೆ. ಒಂದೇ ಎಚ್ಚರಿಕೆ: ಕೌಂಟರ್‌ನಲ್ಲಿ 'ಮೆಡಿಕಲ್ ಕ್ರೆಡಿಟ್ ಕಾರ್ಡ್ ಮಾಡಿಸಿಬಿಡಿ' ಅಂದರೆ ಬೇಡ ಅನ್ನಿ. ಅದು ಆಸ್ಪತ್ರೆಯ ಕಂತಲ್ಲ, ಬೇರೆ ಕಂಪನಿಯ ಸಾಲ.

ಬಾಡಿಗೆ, ಕರೆಂಟಿಗೂ ಇದೇ ಕ್ರಮ. ಗಡುವು ದಾಟುವ ಮುಂಚೆ ಫೋನ್ ಮಾಡಿದವರಿಗೆ ಸಿಗುವ ಮರ್ಯಾದೆ ದಾಟಿದ ಮೇಲೆ ಸಿಗುವುದಿಲ್ಲ. ಸಹಾಯವಾಣಿ 211ಕ್ಕೆ ಕರೆ ಮಾಡಿದರೆ ನಿಮ್ಮ ಭಾಗದಲ್ಲಿ ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ಸಹಾಯ ಮಾಡುವವರು ಯಾರಿದ್ದಾರೆ ಅಂತ ಹೇಳುತ್ತಾರೆ. ಬೇಸಿಗೆಯ ಎಸಿ ಬಿಲ್ಲಿಗೆ ಕೇಂದ್ರದ ಹಣದಿಂದ ನಡೆಯುವ ಯೋಜನೆಯೂ ಇದೆ.

ಹೀಗೆ ಮಾಡಿದರೆ ನಿಮಗೆ ನಿಜವಾಗಿ ಬೇಕಾದ ಸಾಲ 1,600 ಅಲ್ಲ. ಆ ಹಳೆಯ 500 ತೀರಿಸುವಷ್ಟು ಮಾತ್ರ.

ಅದಕ್ಕೆ ನಾನು ಮೊದಲು ಹೋಗಿ ಅನ್ನುವ ಜಾಗ ನಿಮ್ಮ ಕಂಪನಿಯ ಎಚ್‌ಆರ್. ಮೂರು ಸಂಗತಿ ಕೇಳಿ. ಒಂದು, ಸಂಬಳದ ಮುಂಗಡ ಕೊಡುತ್ತಾರಾ. ಎರಡು, ನೌಕರರ ಕಷ್ಟಕಾಲದ ನಿಧಿ ಇದೆಯಾ. ದೊಡ್ಡ ಕಂಪನಿಗಳಲ್ಲಿ ಇಂಥದ್ದು ಇರುತ್ತದೆ, ಅದು ವಾಪಸ್ ಕೊಡಬೇಕಾದ ಸಾಲವೂ ಅಲ್ಲ, ಆದರೆ ಯಾರೂ ಕೇಳುವುದೇ ಇಲ್ಲ. ಮೂರನೆಯದು, ಕಮ್ಯುನಿಟಿ ಲೋನ್ ಸೆಂಟರ್‌ಗೆ ಕಂಪನಿ ಸೇರಿದೆಯಾ. ಇದು ಟೆಕ್ಸಸ್‌ನಲ್ಲೇ ಹುಟ್ಟಿದ್ದು. 2011ರಲ್ಲಿ ದಕ್ಷಿಣದ ತುದಿಯಲ್ಲಿ, ಮೆಕ್ಸಿಕೋ ಗಡಿಯ ರಿಯೋ ಗ್ರಾಂಡೆ ಕಣಿವೆಯಲ್ಲಿ ಶುರುವಾಗಿ ರಾಜ್ಯದ ಬೇರೆ ಕಡೆಗೂ, ಡಲ್ಲಾಸ್‌ಗೂ ಹರಡಿತು. ಪೇಡೇ ಅಂಗಡಿಗಳ ಕಾಟ ನೋಡಿಯೇ ಕಟ್ಟಿದ ವ್ಯವಸ್ಥೆ. ಗರಿಷ್ಠ 1,000 ಡಾಲರ್, ಬಡ್ಡಿ ಶೇ. 18, ಕಾಗದ ಪತ್ರಕ್ಕೆ 20 ಡಾಲರ್, ತೀರಿಸಲು ಒಂದು ವರ್ಷ. ಕ್ರೆಡಿಟ್ ಸ್ಕೋರ್ ಕೇಳುವುದಿಲ್ಲ. ಕಂತು ಸಂಬಳದಲ್ಲೇ ಮುರಿದುಕೊಂಡು ಹೋಗುತ್ತದೆ. 500 ತೆಗೆದರೆ ವರ್ಷಕ್ಕೆ ಬಡ್ಡಿ 50ರ ಆಸುಪಾಸು, 20 ಸೇರಿಸಿದರೆ 70. ನೀವು ಮೂರು ತಿಂಗಳಲ್ಲಿ 600 ಕಟ್ಟಿದ್ದೀರಿ, ನೆನಪಿರಲಿ. ಒಂದೇ ತೊಡಕು, ಕಂಪನಿ ಮೊದಲು ಸೇರಿರಬೇಕು. ಸೇರದಿದ್ದರೆ ಸೇರಿ ಅಂತ ಎಚ್‌ಆರ್‌ಗೆ ಹೇಳಬಹುದು. ಸಾಲ ಮುಳುಗಿದರೆ ಹೊಣೆ ಕಂಪನಿಯದಲ್ಲ, ಹಾಗಾಗಿ ಒಪ್ಪುವುದು ಕಷ್ಟವೇನಲ್ಲ. ಆದರೆ ಅದು ನಿಮ್ಮ ಈ ತಿಂಗಳ ಕಷ್ಟಕ್ಕೆ ಆಗುವುದಿಲ್ಲ.

ಎರಡನೆಯ ಬಾಗಿಲು ಕ್ರೆಡಿಟ್ ಯೂನಿಯನ್. ನಾನು ಬಹಳ ವರ್ಷ ಸಾಲದ ಮೇಜಿನ ಹಿಂದೆ ಕೂತಿದ್ದು ಅಂಥದ್ದೊಂದರಲ್ಲೇ, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು. ನಮಗೆ ಇದು ಹೊಸದೇನಲ್ಲ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕಲೆಹಾಕಿ ಸಹಕಾರಿ ಸಂಘ ಕಟ್ಟಿದರಲ್ಲ, ಅದೇ ಜಾತಿಯದು. ಇದ್ದವರು ಇಡುತ್ತಾರೆ, ಬೇಕಾದವರು ತೆಗೆಯುತ್ತಾರೆ, ಒಡೆಯರು ಸದಸ್ಯರೇ. ಅಮೆರಿಕದಲ್ಲಿ ಇವಕ್ಕೆ 1934ರಲ್ಲಿ ಕೇಂದ್ರದ ಕಾನೂನು ಬಂತು. ಅದನ್ನು ಮಂಡಿಸಿದ ಸೆನೆಟರ್ ಮಾರಿಸ್ ಶೆಪರ್ಡ್ ಟೆಕ್ಸಸ್‌ನವರೇ ಅನ್ನುವುದು ನಿಮ್ಮ ರಾಜ್ಯದ ಪಾಲಿಗೆ ಒಂದು ವಿಚಿತ್ರ ಹೆಮ್ಮೆ.

ಕೇಂದ್ರದ ಪರವಾನಗಿ ಇರುವ ಕ್ರೆಡಿಟ್ ಯೂನಿಯನ್‌ಗಳು 2010ರಿಂದ 'ಪೇಡೇ ಆಲ್ಟರ್ನೇಟಿವ್ ಲೋನ್' ಕೊಡಬಹುದು. ಎಲ್ಲರೂ ಇದಕ್ಕೆ ಚಿಕ್ಕದಾಗಿ ಪಾಲ್ ಅನ್ನುತ್ತಾರೆ. ಕೇಳಿದರೆ ನಮ್ಮ 'ಪಾಲು' ನೆನಪಾಗುತ್ತದೆ, ಅಲ್ವಾ? ಅಲ್ಲಿಯ ಉಳಿತಾಯ ಖಾತೆಗೆ ಶೇರ್ ಅಕೌಂಟ್ ಅಂತಲೇ ಹೆಸರು, ಹಾಗಾಗಿ ತಪ್ಪೇನೂ ಆಗಲಿಲ್ಲ. ಪಾಲ್‌ನಲ್ಲಿ 200ರಿಂದ 1,000 ಡಾಲರ್ ಸಿಗುತ್ತದೆ, ತೀರಿಸಲು ಒಂದರಿಂದ ಆರು ತಿಂಗಳು. ಬಡ್ಡಿ ಶೇ. 28 ದಾಟುವಂತಿಲ್ಲ, ಅರ್ಜಿ ಶುಲ್ಕ 20 ಡಾಲರ್ ದಾಟುವಂತಿಲ್ಲ. ಫೀ ಕಟ್ಟಿ ಮುಂದೂಡುವ ಆಟ ಇಲ್ಲವೇ ಇಲ್ಲ, ಪ್ರತಿ ಕಂತಿಗೂ ಅಸಲು ಇಳಿಯಬೇಕು. ಇದಕ್ಕೆ ಸದಸ್ಯರಾಗಿ ಒಂದು ತಿಂಗಳು ಆಗಿರಬೇಕು. ಆ ಕಾಯುವಿಕೆ ಬೇಡ ಅಂತ 2019ರ ಕೊನೆಯಲ್ಲಿ ಎರಡನೆಯ ಬಗೆಯ ಪಾಲ್ ಬಂತು. ಅದರಲ್ಲಿ 2,000 ಡಾಲರ್‌ವರೆಗೆ, ಒಂದು ವರ್ಷದವರೆಗೆ, ಸದಸ್ಯರಾದ ದಿನವೇ ಅರ್ಜಿ ಹಾಕಬಹುದು.

500 ಡಾಲರನ್ನು ಶೇ. 28ಕ್ಕೆ ಆರು ತಿಂಗಳಿಗೆ ತೆಗೆದರೆ ತಿಂಗಳ ಕಂತು ಸುಮಾರು 90. ಪ್ರತಿ ಸಂಬಳದಿಂದ 45 ತೆಗೆದಿಟ್ಟರೆ ಸಾಕು. ಆರು ತಿಂಗಳಿಗೆ ಬಡ್ಡಿ ಸುಮಾರು 42, ಶುಲ್ಕ 20, ಒಟ್ಟು 62 ಡಾಲರ್. ನೀವು ಈಗ ತಿಂಗಳಿಗೆ 240 ಕೊಟ್ಟು ಎಲ್ಲಿದ್ದೀರೋ ಅಲ್ಲೇ ಇದ್ದೀರಿ.

ಎಲ್ಲ ಕ್ರೆಡಿಟ್ ಯೂನಿಯನ್‌ಗಳೂ ಪಾಲ್ ಕೊಡುವುದಿಲ್ಲ. ಕೊಡಲೇಬೇಕು ಅಂತ ನಿಯಮವೂ ಇಲ್ಲ. ಮೂರು ನಾಲ್ಕು ಕಡೆ ಫೋನ್ ಮಾಡಿ, 'ಪಾಲ್ ಒನ್ ಕೊಡುತ್ತೀರಾ, ಪಾಲ್ ಟೂ ಕೊಡುತ್ತೀರಾ' ಅಂತ ಹೆಸರು ಹಿಡಿದೇ ಕೇಳಿ. 'ಚಿಕ್ಕ ಸಾಲ ಇದೆಯಾ' ಅಂದರೆ ಬೇರೇನೋ ತೋರಿಸುತ್ತಾರೆ. ಸದಸ್ಯರಾಗಲು ಆ ಕೌಂಟಿಯಲ್ಲಿ ವಾಸ ಇದ್ದರೆ ಸಾಕು ಅನ್ನುವವು ಎಷ್ಟೋ ಇವೆ, ಖಾತೆಗೆ ಐದು ಹತ್ತು ಡಾಲರ್ ಇಟ್ಟರೆ ಆಯಿತು. ಕ್ರೆಡಿಟ್ ಸ್ಕೋರ್ ಇಲ್ಲ ಅನ್ನುವುದು ಇಲ್ಲಿ ಅಷ್ಟು ದೊಡ್ಡ ತೊಡಕಲ್ಲ. ಕೆಲಸ ಇದೆಯಾ, ಸಂಬಳ ಸರಿಯಾಗಿ ಬರುತ್ತಿದೆಯಾ ಅಂತ ನೋಡುತ್ತಾರೆ. ಕಂತು ಸರಿಯಾಗಿ ಕಟ್ಟಿದ್ದು ಕ್ರೆಡಿಟ್ ಬ್ಯೂರೋಗೆ, ಅಂದರೆ ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗೆ, ಹೋಗುತ್ತದಾ ಅಂತಲೂ ಕೇಳಿ. ಹೋದರೆ ನಿಮ್ಮ ಸ್ಕೋರ್ ಅಲ್ಲಿಂದಲೇ ಹುಟ್ಟುತ್ತದೆ. ಪೇಡೇ ಅಂಗಡಿಗೆ ಕಟ್ಟಿದ 600 ಡಾಲರ್ ಸಾಮಾನ್ಯವಾಗಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ನಿಮ್ಮ ಬ್ಯಾಂಕನ್ನೂ ಮರೆಯಬೇಡಿ. ಕೆಲವು ದೊಡ್ಡ ಬ್ಯಾಂಕುಗಳು ಹಳೆಯ ಗ್ರಾಹಕರಿಗೆ ಈಗ ಚಿಕ್ಕ ಸಾಲ ಕೊಡುತ್ತವೆ. ಬ್ಯಾಂಕ್ ಆಫ್ ಅಮೆರಿಕದ್ದು 'ಬ್ಯಾಲೆನ್ಸ್ ಅಸಿಸ್ಟ್', 2020ರಲ್ಲಿ ಘೋಷಿಸಿದರು: 500 ಡಾಲರ್‌ವರೆಗೆ, ಮೂರು ತಿಂಗಳ ಕಂತು, ಎಷ್ಟು ತೆಗೆದರೂ ಫೀ 5 ಡಾಲರ್. ವೆಲ್ಸ್ ಫಾರ್ಗೋದ 'ಫ್ಲೆಕ್ಸ್ ಲೋನ್' 2022ರಲ್ಲಿ ಬಂದಾಗ 500ಕ್ಕೆ 20 ಡಾಲರ್ ಫೀ, ನಾಲ್ಕು ಕಂತು. ಖಾತೆ ಹಳೆಯದಾಗಿರಬೇಕು. ಬ್ಯಾಲೆನ್ಸ್ ಅಸಿಸ್ಟ್‌ಗೆ ಒಂದು ವರ್ಷವಾದರೂ ಆಗಿರಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ, ಹುಡುಕಬೇಕು. 'ನನಗೆ ಬ್ಯಾಂಕ್ ಸಾಲ ಸಿಗಲ್ಲ' ಅಂತ ನೀವೇ ತೀರ್ಮಾನ ಮಾಡಿಕೊಂಡಿದ್ದೀರಿ. ಒಮ್ಮೆ ನೋಡಿ ಆಮೇಲೆ ಹೇಳಿ.

ಕ್ರೆಡಿಟ್ ಕಾರ್ಡ್ ಇದ್ದರೆ ಅದರಲ್ಲಿ ನಗದು ತೆಗೆಯುವುದು ಕೆಟ್ಟ ಅಭ್ಯಾಸ ಅಂತ ನಾನೇ ನೂರು ಸಲ ಹೇಳಿದ್ದೇನೆ. ಫೀ ಬೀಳುತ್ತದೆ, ಬಡ್ಡಿ ಅವತ್ತಿನಿಂದಲೇ ಓಡುತ್ತದೆ. ಆದರೂ ಶೇ. 624ರ ಮುಂದೆ ಶೇ. 30 ಎಷ್ಟೋ ವಾಸಿ.

ಇನ್ನು ಫೋನಿನ ಮುಂಗಡ ಆ್ಯಪ್‌ಗಳು. ನೀವು ದುಡಿದಾಗಿರುವ, ಇನ್ನೂ ಕೈಗೆ ಬರದ ಸಂಬಳವನ್ನು ಮೊದಲೇ ಕೊಡುತ್ತವೆ. ಬಡ್ಡಿ ಇಲ್ಲ ಅನ್ನುತ್ತವೆ. ತಕ್ಷಣ ಬೇಕೆಂದರೆ ಕೆಲವು ಡಾಲರ್ ಫೀ, ಜೊತೆಗೆ 'ಟಿಪ್' ಕೊಡಿ ಅಂತ ಒಂದು ಪುಟ. ಟಿಪ್ ಸೊನ್ನೆ ಒತ್ತಬಹುದು, ಸಂಕೋಚ ಬೇಡ. ವರ್ಷಕ್ಕೆ ಒಂದೆರಡು ಸಲ ಆದರೆ ನನಗೇನೂ ತಕರಾರಿಲ್ಲ. ಆದರೆ ಇದರಲ್ಲೂ ಹಳೆಯ ಗಡುವಿನ ತೊಂದರೆಯೇ ಇದೆ: ಮುಂದಿನ ಸಂಬಳದಿಂದ ಪೂರ್ತಿ ಕತ್ತರಿಸಿಕೊಳ್ಳುತ್ತದೆ, ಆ ಸಂಬಳ ಸಾಲುವುದಿಲ್ಲ, ಮತ್ತೆ ತೆಗೆಯುತ್ತೀರಿ. ನಿಮ್ಮ 500 ಇದರಿಂದ ತೀರುವುದಿಲ್ಲ.

ಕಂಪನಿಯಲ್ಲಿ 401(ಕೆ) ನಿವೃತ್ತಿ ಖಾತೆ ಇದ್ದರೆ ಅದರ ಮೇಲೂ ಸಾಲ ತೆಗೆಯಬಹುದು. ಅದರಲ್ಲಿರುವ ನಿಮ್ಮ ಹಣದ ಅರ್ಧದವರೆಗೆ, ಹೆಚ್ಚೆಂದರೆ 50,000 ಡಾಲರ್. ಕಟ್ಟುವ ಬಡ್ಡಿ ನಿಮ್ಮ ಖಾತೆಗೇ ಸೇರುತ್ತದೆ. 2024ರಿಂದ ಇನ್ನೊಂದು ಅನುಕೂಲ ಬಂದಿದೆ. ಕಂಪನಿ ಒಪ್ಪಿದರೆ ತುರ್ತಿಗೆ ವರ್ಷಕ್ಕೊಮ್ಮೆ 1,000 ಡಾಲರ್‌ವರೆಗೆ, ಅವಧಿಗೆ ಮುಂಚೆ ತೆಗೆದರೆ ಬೀಳುವ ಶೇ. 10ರ ದಂಡವಿಲ್ಲದೆ ತೆಗೆಯಬಹುದು. ಕೇಳಲು ಚೆನ್ನಾಗಿದೆ. ಆದರೆ 500 ಡಾಲರ್‌ಗೆ ನಾನು ಇದನ್ನು ಕೊನೆಗೆ ಇಡುತ್ತೇನೆ. ಆ ದುಡ್ಡಿಗೆ ಅಂಗಡಿಯವರು ಕೈ ಹಾಕಲು ಆಗುವುದಿಲ್ಲ. ನಾವೇ ಹಾಕುವುದು ಯಾಕೆ?

ಜೊತೆಗಾರ ಹೇಳಿದ ಟೈಟಲ್ ಲೋನ್ ಬೇಡವೇ ಬೇಡ. ಅದೂ ಅದೇ ಅಂಗಡಿ, ಅದೇ ಫೀ, ಅಡವಿಗೆ ಈ ಸಲ ಕಾರು. ಕಟ್ಟದಿದ್ದರೆ ರಾತ್ರೋರಾತ್ರಿ ಎಳೆದುಕೊಂಡು ಹೋಗುತ್ತಾರೆ. ಕಾರು ಹೋದರೆ ಕೆಲಸವೂ ಹೋಯಿತು ಅಂತ ನೀವೇ ಬರೆದಿದ್ದೀರಿ. 'ಮೊದಲು ನೂರು ಡಾಲರ್ ಕಟ್ಟಿ, ಆಮೇಲೆ ಸಾಲ ಬಿಡುಗಡೆ ಮಾಡುತ್ತೇವೆ' ಅನ್ನುವ ಫೋನುಗಳೂ ಬರುತ್ತವೆ. ಪೇಡೇ ಸಾಲಗಾರರ ನಂಬರು ಕೈಯಿಂದ ಕೈಗೆ ಮಾರಾಟವಾಗುತ್ತದೆ. ಅವು ನೂರಕ್ಕೆ ನೂರು ಮೋಸ.

ಚೀಟಿಯ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮವರು ಹತ್ತು ಜನ ಸೇರಿದ ಕಡೆ ಚೀಟಿ ಇದ್ದೇ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅಸೆಟ್ ಫಂಡ್ ಅನ್ನುವ ಸಂಸ್ಥೆ ಇದನ್ನೇ ಕಾಗದದ ಮೇಲೆ ತಂದಿದೆ. ಬಡ್ಡಿ ಇಲ್ಲ, ಪ್ರತಿ ಕಂತೂ ಕ್ರೆಡಿಟ್ ಬ್ಯೂರೋಗೆ ಹೋಗುತ್ತದೆ. ಅದು ಒಳ್ಳೆಯದು. ಬಾಯಿಮಾತಿನ ಚೀಟಿ ಮಾತ್ರ ಮುಳುಗಿದರೆ ಕೇಳುವವರಿಲ್ಲ. ಸಾಲದಲ್ಲಿ ಇರುವಾಗ ಹೊಸ ಚೀಟಿಗೆ ಸೇರಬೇಡಿ.

ಈಗ ಸ್ವಲ್ಪ ನೋವಾಗುವ ಮಾತು. ಊರಿಗೆ ಕಳಿಸುವ 200.

ಮೂರು ತಿಂಗಳು ನಿಲ್ಲಿಸಿದರೆ 600 ಆಯಿತು. ಅಂದರೆ ಪಾಲ್ ಸಿಗದಿದ್ದರೂ ನಿಮ್ಮ ಸಾಲಕ್ಕೆ ಒಂದು ದಾರಿ ಮನೆಯೊಳಗೇ ಇದೆ. ಇದು ನಿಮಗೆ ಹೊಳೆದಿಲ್ಲ ಅಂತ ನಾನು ಅಂದುಕೊಂಡಿಲ್ಲ. ಹೊಳೆದಿರುತ್ತದೆ, ಅಪ್ಪನಿಗೆ ಹೇಗೆ ಹೇಳುವುದು ಅಂತ ಬಿಟ್ಟಿರುತ್ತೀರಿ. ಸಾಲದ ಮೇಜಿನ ಹಿಂದೆ ಕೂತಿದ್ದಾಗ ನಮ್ಮವರು ಬಂದರೆ ಮೊದಲು ಕೇಳುತ್ತಿದ್ದದ್ದು ಬಡ್ಡಿ ಎಷ್ಟು ಅಂತ ಅಲ್ಲ, 'ಯಾರಿಗೂ ಗೊತ್ತಾಗಲ್ಲ ತಾನೆ?' ಅಂತ. ಪೇಡೇ ಅಂಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಆ 120ರಲ್ಲಿ ಒಂದು ಭಾಗ ಗುಟ್ಟಿಗೆ ಕೊಡುವ ಬೆಲೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆ ಹಣ ಅಪ್ಪನ ಔಷಧಿಗೆ ಹೋಗುತ್ತಿದ್ದರೆ ಖಂಡಿತ ನಿಲ್ಲಿಸಬೇಡಿ. ಹಾಗಲ್ಲದಿದ್ದರೆ ಅರ್ಧ ಮಾಡಿ. 'ಕಾರು ರಿಪೇರಿಗೆ ಬಂದಿದೆ, ಮೂರು ತಿಂಗಳು ಕಡಿಮೆ ಕಳಿಸುತ್ತೇನೆ ಅಪ್ಪಾ' ಅಂದರೆ ಸಾಕು, ಅದು ಸುಳ್ಳೂ ಅಲ್ಲ. ಶೇ. 624ರ ಕಥೆ ಹೇಳಬೇಕಾಗಿಲ್ಲ.

ಈ ವಾರ ಏನು ಮಾಡಬೇಕು ಅಂದರೆ, ಮುಂದಿನ ಸಂಬಳ ಶುಕ್ರವಾರ ಅಂತ ಇಟ್ಟುಕೊಳ್ಳಿ. ಅಂಗಡಿಯವರು ಅವತ್ತೇ ನಿಮ್ಮ ಖಾತೆಯಿಂದ 120 ಅಥವಾ 620 ಎಳೆಯುತ್ತಾರೆ. ಅದನ್ನು ನಿಲ್ಲಿಸುವ ಹಕ್ಕು ನಿಮಗಿದೆ. ಹಣ ಹೋಗುವ ದಿನಕ್ಕಿಂತ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಬ್ಯಾಂಕಿಗೆ 'ಸ್ಟಾಪ್ ಪೇಮೆಂಟ್' ಹೇಳಬೇಕು. ಅಂಗಡಿಗೂ 'ನನ್ನ ಖಾತೆಯಿಂದ ಎಳೆಯಲು ಕೊಟ್ಟ ಒಪ್ಪಿಗೆ ವಾಪಸ್ ತೆಗೆದುಕೊಂಡಿದ್ದೇನೆ' ಅಂತ ಬರೆದು ಕಳಿಸಿ, ಒಂದು ನಕಲು ಇಟ್ಟುಕೊಳ್ಳಿ. ಬ್ಯಾಂಕ್ ಇದಕ್ಕೆ ಫೀ ಹಾಕಬಹುದು, ಆದರೂ ಲಾಭ ನಿಮಗೇ. ಇದರಿಂದ ಸಾಲ ಮಾಯವಾಗುವುದಿಲ್ಲ, ಯಾವಾಗ ಎಷ್ಟು ಕೊಡಬೇಕು ಅನ್ನುವುದು ನಿಮ್ಮ ಕೈಗೆ ಬರುತ್ತದೆ. ಆಮೇಲೆ ಅಂಗಡಿಗೆ ಫೋನ್ ಮಾಡಿ, ಹೊಸ ಫೀ ಇಲ್ಲದೆ 500ನ್ನು ನಾಲ್ಕು ಕಂತಿನಲ್ಲಿ ತೆಗೆದುಕೊಳ್ಳುತ್ತೀರಾ ಕೇಳಿ. ಒಪ್ಪಿದರೆ ಬರಹದಲ್ಲಿ ಕೊಡಿ ಅನ್ನಿ. ಒಪ್ಪದಿದ್ದರೆ ಪಾಲ್ ಬಂದ ದಿನ ಒಂದೇ ಸಲ ಕೊಟ್ಟು 'ಬಾಕಿ ಸೊನ್ನೆ' ಅಂತ ಕಾಗದ ತೆಗೆದುಕೊಳ್ಳಿ.

ಅಂದರೆ ಸ್ಟಾಪ್ ಪೇಮೆಂಟ್ ಸೋಮವಾರವೇ ಆಗಬೇಕು, ಮಂಗಳವಾರಕ್ಕೆ ತಳ್ಳಿದರೆ ಅಂಚಿಗೆ ಬರುತ್ತದೆ. ಸೋಮವಾರ ಮಧ್ಯಾಹ್ನದ ಬ್ರೇಕ್‌ನಲ್ಲಿ ಬ್ಯಾಂಕಿಗೂ ಎಚ್‌ಆರ್‌ಗೂ ಹೋಗಿ ಬನ್ನಿ. ಆಸ್ಪತ್ರೆಗೆ ಹೆಂಡತಿಯೇ ಫೋನ್ ಮಾಡಲಿ, ಬಿಲ್ ಅವರ ಹೆಸರಿನಲ್ಲಿದೆ. ಕ್ರೆಡಿಟ್ ಯೂನಿಯನ್‌ಗೆ ಹೋಗುವಾಗ ಕೊನೆಯ ಎರಡು ಪೇ ಸ್ಟಬ್ (ಸಂಬಳದ ಚೀಟಿ), ಫೋಟೋ ಐಡಿ, ವಿಳಾಸಕ್ಕೆ ಕರೆಂಟ್ ಬಿಲ್ ಮತ್ತು ಆ ಪೇಡೇ ಲೋನಿನ ಕಾಗದವನ್ನೂ ಹಿಡಿದುಕೊಂಡು ಹೋಗಿ. ಅದನ್ನು ಮುಚ್ಚಿಡಬೇಡಿ. ಮೇಜಿನ ಆ ಕಡೆ ಕೂತವರು ಅಂಥ ಕಾಗದವನ್ನು ವಾರಕ್ಕೆ ಹತ್ತು ನೋಡಿರುತ್ತಾರೆ.